ಬಾಳಪ್ಪ ಸತ್ತ ಹಿಂಗಾರಿ

ದೇವರಿಗೆ ಸಾವಿಲ್ಲ ಎಂಬುದು ಮನುಷ್ಯಕುಲ ಕಂಡುಕೊಂಡ ಸಮಾಧಾನಗಳಲ್ಲೆಲ್ಲ ಹಿರಿದಾದದ್ದು. ರಾಜ್ಯಗಳು ಬಿದ್ದಿವೆ, ನದಿಗಳು ದಿಕ್ಕು ಬದಲಿಸಿವೆ, ಆ ನಂಬಿಕೆ ಮಾತ್ರ ಅಲುಗಿಲ್ಲ. ಅಣ್ಣಿಗೇರಿಯಲ್ಲಿ, ಹಿಟ್ಟಿನ ಗಿರಣಿಯ ಬಾಜು ರಫೀಕನ ರೆಕಾರ್ಡಿಂಗ್ ಕೋಣೆಯೊಳಗೆ, ಒಂದು ಮಂಗಳವಾರ ಮುಂಜಾನೆ ಹತ್ತರಿಂದ ಒಂದರ ತನಕ, ನಡುವೆ ಚಹಾಕ್ಕೆ ಬಿಟ್ಟ ಹೊತ್ತನ್ನು ಕಳೆದು, ಒಬ್ಬ ದೇವರು ಹದಿನೇಳು ಸಲ ಸತ್ತ. ನಾನು ಎದುರಿಗೇ ಕೂತಿದ್ದೆ.

ಮೊನ್ನೆ ಶಲವಡಿಯ ಕಡೆ ಹೋಗುವ ಬಸ್ಸಿನಲ್ಲಿ ನನ್ನ ಕಿಟಕಿಯ ಗಾಜು ಮುಚ್ಚಲು ಒಪ್ಪಲಿಲ್ಲ. ಬೆಳಗಿನ ಗಾಳಿಯ ಜೊತೆ ಕಡಲೆ ಹೊಲದ ಹುಳಿ ವಾಸನೆ ಒಳಗೆ ನುಗ್ಗಿತು. ಎರೆ ಹೊಲದ ಕಡಲೆ ಗಿಡಕ್ಕೆ ಚಳಿಯಲ್ಲಿ ಒಂದು ಗುಣ ಬರುತ್ತದೆ: ಎಲೆಯ ಮೇಲೆ ಕೂತ ಇಬ್ಬನಿಯನ್ನು ಅದು ಹುಳಿ ಮಾಡುತ್ತದೆ. ಕುಡಿ ಚಿವುಟಲು ಹೋದ ಹೆಂಗಸರ ಬೆರಳು, ಸೀರೆಯ ನಿರಿಗೆ, ಬುತ್ತಿಯ ಗಂಟು ಎಲ್ಲಕ್ಕೂ ಹತ್ತಿಕೊಂಡು ಆ ಹುಳಿ ಊರೊಳಗೆ ಬರುತ್ತದೆ. ಬಾಜು ಕೂತವರು ಚಳಿಗೆ ಬೈಯುತ್ತ ಶಾಲು ಎಳೆದುಕೊಂಡರು. ನನಗೆ ಮಾತ್ರ ಮೂರು ವರ್ಷದ ಹಿಂದಿನ ಹಿಂಗಾರಿ ಎದ್ದು ಬಂತು. ಆ ವರ್ಷ ಇದೇ ವಾಸನೆಯ ನಡುವೆ ಕೂತು ನಾನು, ಮೂವತ್ತಮೂರು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ಹಾರ ಹಾಕಿಸಿಕೊಂಡು ನಿವೃತ್ತನಾದವನು, ಕಾರ್ಟೂನಿಗೆ ಮಾತು ಬರೆಯುತ್ತಿದ್ದೆ.

ಬರೆಸಿದವನು ರಫೀಕ, ನನ್ನ ಹಳೆಯ ವಿದ್ಯಾರ್ಥಿ. ಒಂಬತ್ತನೇ ತರಗತಿಯಲ್ಲಿ ಕನ್ನಡಕ್ಕೆ ಮೂವತ್ತೈದು ಅಂಕ ಪಡೆದು ಪಾಸಾದ; ಅದರಲ್ಲಿ ನಾಲ್ಕು ನಾನು ಕಣ್ಣು ಮುಚ್ಚಿ ಕೊಟ್ಟದ್ದು. ಆ ನಾಲ್ಕು ಅಂಕದ ಋಣ ಅವನ ಮೇಲಿದೆಯೋ ನನ್ನ ಮೇಲಿದೆಯೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಗೋಡೆಗೆಲ್ಲ ಹಳೆಯ ಅರಳೆ ಗಾದಿ ಬಡಿದು, ಒಂದು ಮೈಕು ಒಂದು ಕಂಪ್ಯೂಟರ್ ಇಟ್ಟುಕೊಂಡು ಅವನು ಹನ್ನೆರಡು ವರ್ಷ ಊರಿನ ದನಿಯನ್ನೆಲ್ಲ ಹಿಡಿದಿದ್ದ. ಭಜನೆ, ಕವ್ವಾಲಿ, ಚುನಾವಣೆಯ ಕೂಗು, ಕಸದ ಗಾಡಿಯ ಹಾಡು. ಈಗ ಎಲ್ಲರೂ ಮೊಬೈಲಿನಲ್ಲೇ ಹಿಡಿದುಕೊಳ್ಳುತ್ತಿದ್ದರು. ಕೋಣೆ ಅವನ ಅಣ್ಣನ ಹೆಸರಿನಲ್ಲಿತ್ತು. ಯುಗಾದಿಯ ತನಕ ಕೆಲಸ ಬಂದರೆ ಸರಿ, ಬರದಿದ್ದರೆ ಗಾದಿ ಬಿಚ್ಚು, ನಾನು ಮೊಬೈಲ್ ಅಂಗಡಿ ಹಾಕುತ್ತೇನೆ ಎಂದು ಅಣ್ಣ ಹೇಳಿಯಾಗಿತ್ತು.

ಅಂಥ ಹೊತ್ತಿನಲ್ಲಿ ರಫೀಕ ಮನೆಗೆ ಬಂದ.

“ಸರ, ಒಂದ ಕಾರ್ಟೂನ್ ಐತ್ರಿ. ದೊಡ್ಡವರದು.”

“ಕಾರ್ಟೂನು ದೊಡ್ಡವರದು ಹೆಂಗಾಗತೈತೋ?”

“ಇದರಾಗ ದೇವರು ಕುಡೀತಾರ್ರಿ, ಬೈದಾಡತಾರ್ರಿ, ತಲಿ ಕಡೀತಾರ್ರಿ.”

“ಅದು ಪುರಾಣ ಆತಲ್ಲೋ.”

“ಹೌದ್ರಿ. ಆದ್ರ ನಮ್ಮದಲ್ರಿ, ಉತ್ತರದ ಕಡೀದು.”

“ಉತ್ತರ ಅಂದ್ರ ಕಾಶಿ ಕಡೀದಾ?”

“ಇನ್ನೂ ಭಾಳ ಮ್ಯಾಲೆ ರಿ. ಬರೇ ಹಿಮ ಬೀಳೂ ದೇಶದ್ದು.”

ವಿಷಯ ಇಷ್ಟು. ಮುಂಬೈಯ ಒಂದು ಕಂಪನಿ ಆ ಹಿಮದ ದೇಶದ ದೇವರುಗಳ ಕಥೆಯ ಎಂಟು ಕಂತುಗಳಿಗೆ ಕನ್ನಡದ ದನಿ ಕೊಡಿಸಬೇಕಾಗಿತ್ತು. ವಾರ್ತೆ ಓದುವ ಕನ್ನಡ ಬೇಡ, ಎಲ್ಲಾದರೂ ಒಂದೇ ಊರಿನ ಜನ ಆಡುವ ಕನ್ನಡ ಬೇಕು ಎಂದಿತ್ತು. ಮಾದರಿಗೆ ನಾಲ್ಕು ನಿಮಿಷದ ಒಂದೇ ಒಂದು ದೃಶ್ಯ ಕಳಿಸಿತ್ತು. ಅದರಲ್ಲಿನ ಎಲ್ಲ ದನಿಯೂ ಒಂದೇ ಕಡೆಯವರದಾಗಿರಬೇಕು, ರವಿವಾರ ಸಂಜೆಯೊಳಗೆ ಮುಟ್ಟಬೇಕು. ಒಪ್ಪಿಗೆಯಾದರೆ ಎಂಟೂ ಕಂತು ರಫೀಕನ ಗಾದಿ ಕೋಣೆಗೆ. ಇಲ್ಲವಾದರೆ ಯುಗಾದಿ, ಅಣ್ಣ, ಮೊಬೈಲ್ ಅಂಗಡಿ.

ನಾನು ನಗುವ ತಯಾರಿಯಲ್ಲೇ ಹೋಗಿ ಕೂತೆ. ರಫೀಕ ದನಿ ಬಂದ್ ಮಾಡಿ ಬರೀ ಚಿತ್ರ ಬಿಟ್ಟ. ಕಂಪನಿ ಸಂದರ್ಭ ತಿಳಿಯಲೆಂದು ಮೊದಲ ಕಂತನ್ನೂ ಕಳಿಸಿತ್ತು. ಒಂಬತ್ತು ಲೋಕಗಳನ್ನು ಕೊಂಬೆಗಳಲ್ಲಿ ಹೊತ್ತ ಒಂದು ಮರ ತೆರೆಯ ತುಂಬ ಎದ್ದು ನಿಂತಿತು. ಅದರ ಬುಡದಲ್ಲಿ ಒಂದು ಬಾವಿ. ದೇವರುಗಳ ಹಿರಿಯ ಆ ಬಾವಿಯ ಒಂದು ಗುಟುಕು ನೀರಿಗಾಗಿ, ಅದು ಜ್ಞಾನದ ನೀರಂತೆ, ತನ್ನ ಒಂದು ಕಣ್ಣನ್ನು ತಾನೇ ಕಿತ್ತು ಅದರೊಳಗೆ ಹಾಕಿದ. ತಿಂಗಳ ಸಂಬಳಕ್ಕೆ ಜ್ಞಾನ ಹಂಚಿದವನು ನಾನು; ಕಣ್ಣು ಕೊಟ್ಟು ಕೊಂಡವನನ್ನು ಅಂದೇ ಮೊದಲು ನೋಡಿದ್ದು. ಆ ನೀರು ಕುಡಿದ ಮೇಲೆ ಅವನಿಗೆ ತಿಳಿದದ್ದಾದರೂ ಏನು? ತಾನೂ ತನ್ನವರೂ ಎಲ್ಲರೂ ಒಂದು ದಿನ ಸಾಯುತ್ತೇವೆ, ತನ್ನನ್ನು ಒಂದು ತೋಳ ನುಂಗುತ್ತದೆ ಎಂಬುದು. ನಮ್ಮ ಪುರಾಣದ ದೇವರಿಗೆ ಗೆಲುವು ಮೊದಲೇ ಗೊತ್ತಿರುತ್ತದೆ. ಇವನಿಗೆ ಸೋಲು ಗೊತ್ತಿತ್ತು. ಗೊತ್ತಿದ್ದೂ ಮರುದಿನ ಮುಂಜಾನೆ ಎದ್ದು ಈಟಿ ಒರೆಸಿಕೊಂಡು ಕೆಲಸಕ್ಕೆ ಹೊರಟ. ನನ್ನ ಕೈಯಲ್ಲಿನ ಚಹಾ ಆರಿತ್ತು. ರಫೀಕ “ಸರ, ಬ್ಯಾರೇ ತರಸಲೇನ್ರಿ?” ಎಂದದ್ದು ಎರಡನೆಯ ಸಲಕ್ಕೆ ಕೇಳಿಸಿತು.

ನಮಗೆ ಬಂದ ದೃಶ್ಯ ಆ ಹಿರಿಯನ ಮಗನ ಸಾವಿನದು. ಬೆಳಕಿನ ದೇವರು, ಬಾಲ್ಡರ್ ಎಂದು ಹೆಸರು, ಎಲ್ಲರಿಗೂ ಬೇಕಾದವನು. ಮಗನಿಗೆ ಕೇಡಾದೀತೆಂದು ತಾಯಿ ಬೆಂಕಿ, ಕಬ್ಬಿಣ, ಕಲ್ಲು, ರೋಗ, ಗಿಡಮರ ಒಂದೊಂದರಿಂದಲೂ ಆಣೆ ಹಾಕಿಸಿಕೊಂಡಳು. ಒಂದು ಮರದ ಮೇಲೆ ಬೆಳೆದ ಬಂದಳಿಕೆಯನ್ನು ಮಾತ್ರ, ಇದೇನು ಎಳೆಯದು ಎಂದು, ಬಿಟ್ಟಳು. ಉಳಿದ ದೇವರುಗಳು ಮೋಜಿಗೆ ಅವನ ಮೇಲೆ ಕಲ್ಲು ಕತ್ತಿ ಎಸೆಯುತ್ತಾರೆ, ಏನೂ ತಾಗುವುದಿಲ್ಲ. ಅವರಲ್ಲೊಬ್ಬ ಕಪಟಿ, ಅವನು ಆ ಬಂದಳಿಕೆಯ ಕಡ್ಡಿಯನ್ನು ಬಾಲ್ಡರನ ಕುರುಡ ಅಣ್ಣನ ಕೈಗೆ ಕೊಟ್ಟು ಎಸೆಯಿಸುತ್ತಾನೆ. ಅಷ್ಟೇ. ತಾಯಿ ಸತ್ತವರ ಲೋಕಕ್ಕೆ ದೂತನನ್ನು ಕಳಿಸಿ ಮಗನನ್ನು ಕೇಳುತ್ತಾಳೆ. ಅಲ್ಲಿಯ ರಾಣಿ ಹೇಳುತ್ತಾಳೆ: ಲೋಕದಲ್ಲಿ ಇರುವುದೆಲ್ಲ ಅವನಿಗಾಗಿ ಅತ್ತರೆ ಬಿಡುತ್ತೇನೆ, ಒಬ್ಬರು ಅಳದಿದ್ದರೂ ಇಲ್ಲ. ಕಲ್ಲು ಅಳುತ್ತದೆ, ಕಬ್ಬಿಣ ಅಳುತ್ತದೆ, ಮರ ಅಳುತ್ತದೆ. ಗವಿಯಲ್ಲಿದ್ದ ಒಬ್ಬ ಮುದುಕಿ ಮಾತ್ರ ಅಳುವುದಿಲ್ಲ ಎನ್ನುತ್ತಾಳೆ. ಮಗ ಬರುವುದಿಲ್ಲ.

ನಾನು ಮೂರು ದಿನ ಕೂತು ಮಾತು ಬರೆದೆ. ಪಾತ್ರದ ಬಾಯಿ ಮುಚ್ಚುವಾಗ ನಮ್ಮ ಮಾತೂ ಮುಗಿಯಬೇಕು ಎಂಬುದು ಈ ಕೆಲಸದ ನಿಯಮ. ಛಂದಸ್ಸು ಕಲಿಸಿದವನಿಗೆ ಇದೇನು ಮಹಾ ಎಂದುಕೊಂಡಿದ್ದೆ; ಮಹಾ ಎಂಬುದು ಮೊದಲ ಸಾಲಿಗೇ ತಿಳಿಯಿತು.

ಬೆಳಕಿನ ದೇವರ ದನಿ ರಫೀಕನದೇ. ಮಾತಿಲ್ಲ, ಕಡ್ಡಿ ನಟ್ಟಾಗ ಒಂದು ಉಸಿರು ಅಷ್ಟೇ. ಅದಕ್ಕೇ ಹದಿನೇಳು ಸಲ. ಐದು ಸಲ ಗಿರಣಿ ತಿರುಗಿತು. ಎರಡು ಸಲ ಕಸದ ಗಾಡಿ, ರಫೀಕನೇ ರೆಕಾರ್ಡ್ ಮಾಡಿದ ಹಾಡು ಹಚ್ಚಿಕೊಂಡು, ಹೋಗುತ್ತ ಒಮ್ಮೆ ಬರುತ್ತ ಒಮ್ಮೆ ಹಾದುಹೋಯಿತು. ಹನ್ನೊಂದನೆಯ ಸಲ ಅವನು ನಿಜಕ್ಕೂ ದೈವಿಕವಾಗಿ ಸತ್ತ; ಆಗ ಬಾಗಿಲ ಹೊರಗಿನಿಂದ ಯಾರೋ “ರಫೀಕ್‌ಭಾಯ್, ಮೆಮೊರಿ ಕಾರ್ಡ್ ಐತೇನ್ರಿ?” ಅಂದರು. ಕಾರ್ಟೂನು ಎಂದು ಕೇಳಿ ಓಣಿಯ ಮಕ್ಕಳು ಬಾಗಿಲಿಗೆ ಮುತ್ತಿದ್ದರಿಂದ ನಾನು ‘ಹದಿನೆಂಟು ವರ್ಷ ಮೇಲ್ಪಟ್ಟವರಿಗೆ ಮಾತ್ರ’ ಎಂದು ದುಂಡಗೆ ಬರೆದು ಅಂಟಿಸಿದೆ. ಮಕ್ಕಳು ಹೋದರು. ಹದಿನೆಂಟು ವರ್ಷ ಮೇಲ್ಪಟ್ಟವರು ಬರತೊಡಗಿದರು. ನನ್ನ ಇನ್ನೊಬ್ಬ ಹಳೆಯ ವಿದ್ಯಾರ್ಥಿ ಒಳಗೆ ಇಣುಕಿ, ನನ್ನನ್ನು ಕಂಡು, “ಸರ… ನೀವೂ?” ಎಂದು ಹಿಂದಕ್ಕೆ ಸರಿದ. ಮೂವತ್ತಮೂರು ವರ್ಷದ ಹೆಸರು ಅಂದು ಒಂದು ಗಳಿಗೆ ತೂಗಾಡಿತು.

ಲೋಕವೆಲ್ಲ ಅಳುವ ಭಾಗಕ್ಕೆ ಆರು ಸೆಕೆಂಡಿನ ಅಳು ಬೇಕಾಗಿತ್ತು. ಅದಕ್ಕೆ ರಫೀಕ ಕರೆಸಿದ್ದು ಶಲವಡಿಯ ಚನ್ನವ್ವನ ಗುಂಪನ್ನು. ಚನ್ನವ್ವ ಕೂಲಿ ಹೆಂಗಸರ ಮುಂದಾಳು. ಕಡಲೆ ಕುಡಿ ಚಿವುಟುವುದಕ್ಕೂ ಆಕೆಯೇ, ಸತ್ತ ಮನೆಯಲ್ಲಿ ಹಾಡಿಕೊಂಡು ಅಳುವುದಕ್ಕೂ ಆಕೆಯೇ. ಆಕೆ ಅತ್ತ ಮೇಲೆಯೇ ಸತ್ತವನು ಪೂರ್ತಿ ಸತ್ತಂತೆ ಎಂದು ಆ ಕಡೆಯ ಅಭಿಪ್ರಾಯ. ಗುರುವಾರ ಮಧ್ಯಾಹ್ನ ಹೊಲ ಮುಗಿಸಿ ಏಳು ಜನ ಟೆಂಪೊದಲ್ಲಿ ಬಂದರು. ಗಾದಿ ಕೋಣೆ ಹುಳಿ ವಾಸನೆಯಿಂದ ತುಂಬಿತು. ಆರು ಜನ ಒಳಗೆ ಕೂತರು. ಒಬ್ಬಾಕೆ ಹೊಸ್ತಿಲ ಹೊರಗೇ ಉಳಿದಳು.

“ಹೂಂ, ಅಳ್ರಿ” ಎಂದ ರಫೀಕ, ಗುಂಡಿ ಒತ್ತಿ.

ಯಾರೂ ಅಳಲಿಲ್ಲ. ಚನ್ನವ್ವ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. “ಯಾರ ಸತ್ತಾರೋ ತಮ್ಮಾ?”

“ಯಾರೂ ಸತ್ತಿಲ್ಲಬೇ ಕಾಕೂ, ಸುಮ್ನ ಅಳೂದು.”

“ಸುಮ್ನ ಅಳಾಕ ನಮಗೇನ ಹುಚ್ಚ ಹಿಡದೈತಿ? ಹೆಸರೇನು? ತಾಯಿ ಅದಾಳೋ ಇಲ್ಲೋ? ಹೇಂತಿ? ಹೆಂಗ ಹ್ವಾದ? ಏನೂ ತಿಳೀದ ಅತ್ತರ ಅದು ಅಳು ಅನಸತೈತೇನ? ಬೆಕ್ಕ ಒದರಿದಂಗಾಗತೈತಿ.”

ಹೀಗಾಗಿ ನಾನು ಕಥೆ ಹೇಳಬೇಕಾಯಿತು. ತೆರೆಯ ಮೇಲೆ ಚಿತ್ರ ಓಡಿತು. ಹಿಮ ಕಂಡು ಒಬ್ಬಾಕೆ “ಎಷ್ಟ್ ಅರಳಿ ಹರವ್ಯಾರ್ರಿ!” ಎಂದಳು. ಆಣೆಯ ಕಥೆಗೆ ಎಲ್ಲರೂ ತಲೆದೂಗಿದರು. ಬಂದಳಿಕೆ ಎಂದೊಡನೆ ಚನ್ನವ್ವ ಎದ್ದೇ ಕೂತಳು.

“ಮಾವಿನ ಗಿಡಕ್ಕ ಹತ್ತತೈತೆಲ್ರಿ, ಅದ? ಅಯ್ಯ ಶಿವನ, ಅದನ್ನ ಬಿಟ್ಟಳಾ? ಗಿಡಾನ ತಿಂತೈತಿ ಅದು!”

“ಎಳೇದು ಅಂತ ಬಿಟ್ಟಳವ್ವಾ.”

“ತಾಯಿ ಕರಳ ನೋಡ್ರಿ. ಎಳೇದು ಅಂದಕೂಡ್ಲೆ ಅದರ ಮ್ಯಾಲೂ ಕರುಣಾ ಬಂತು.”

ಈ ಮಾತು ನನ್ನ ತಲೆಗೆ ಹೊಳೆದಿರಲಿಲ್ಲ. ಮೂರು ದಿನ ಆ ದೃಶ್ಯವನ್ನು ಉಜ್ಜಿ ಉಜ್ಜಿ ನೋಡಿದ ನಾನು ಅದನ್ನು ತಾಯಿಯ ಅಲಕ್ಷ್ಯ ಎಂದು ಬರೆದುಕೊಂಡಿದ್ದೆ.

ಆಮೇಲೆ ಹೆಸರಿನ ಪ್ರಶ್ನೆ. ಬಾಲ್ಡರ್ ಎಂಬ ಹೆಸರನ್ನು ಚನ್ನವ್ವ ನಾಲ್ಕು ಸಲ ಬಾಯಲ್ಲಿ ಹೊರಳಿಸಿ ನೋಡಿ ತಳ್ಳಿಹಾಕಿದಳು. “ಇದು ಅಳಾಕ ಬರೂ ಹೆಸರಲ್ರಿ ಮಾಸ್ತರ್ರ. ಕಡೀಗೆ ಉದ್ದಕ ಎಳಿಯಾಕ ಜಾಗಾ ಬೇಕು. ಬಾಳಪ್ಪ ಅನ್ನೂಣು.” ಹಿಮದ ದೇಶದ ಬೆಳಕಿನ ದೇವರು ಅಂದಿನಿಂದ ಬಾಳಪ್ಪನಾದ.

ಅವರು ಸೆರಗು ತಲೆಗೆ ಎಳೆದುಕೊಂಡರು. ಚನ್ನವ್ವ ಮೊಣಕಾಲ ಮೇಲೆ ಕೈಯಿಟ್ಟು ಸಣ್ಣಗೆ ತೂಗತೊಡಗಿದಳು, ದನಿ ಎಲ್ಲಿಂದ ಶುರುವಾಯಿತೋ ತಿಳಿಯಲಿಲ್ಲ.

“ಕಬ್ಬಣದ ಕಾಲ ಹಿಡದೆಲ್ಲವ್ವಾ, ಕಲ್ಲಿನ ಕಾಲ ಹಿಡದೆಲ್ಲವ್ವಾ… ಎಳೀ ಬಂದಳಕಿ ಉಳಿಸಿ ಬಂದೆಲ್ಲವ್ವಾ… ಕಣ್ಣಿಲ್ಲದ ಅಣ್ಣಗ ಏನಂತ ಹೇಳಿ ಹ್ವಾದಿಯೋ ನನ್ನ ಬಾಳಪ್ಪಾ…”

ಉಳಿದ ಐವರು ಆ ಕೊನೆಯ ‘ಪಾ’ವನ್ನು ಹಿಡಿದು ಎಳೆದರು. ನಾನು ಎದ್ದು ನಿಂತೆ. ಯಾಕೆ ಎಂದು ಕೇಳಿದರೆ ಈಗಲೂ ಹೇಳಲಾರೆ. ಎಲ್ಲಿಯ ಹಿಮ, ಎಲ್ಲಿಯ ಎರೆ ಮಣ್ಣು. ಹೆಸರೂ ಇಲ್ಲದ ಯಾವನೋ ಎಂದೋ ಬೆಂಕಿಯ ಮುಂದೆ ಕೂತು ಕಟ್ಟಿದ ದೇವರೊಬ್ಬ, ತನ್ನ ಜನರೇ ತನ್ನನ್ನು ಪೂಜಿಸುವುದನ್ನು ಬಿಟ್ಟು ನೂರಾರು ವರ್ಷವಾದ ಮೇಲೆ, ಹುಳಿ ಕೈಯ ಆರು ಹೆಂಗಸರಿಂದ ಶಾಸ್ತ್ರೋಕ್ತವಾಗಿ ಅಳಿಸಿಕೊಳ್ಳುತ್ತಿದ್ದ. ಗಿರಣಿಯವನು ಬೆಲ್ಟು ಬಿಚ್ಚಿ ಗಿರಣಿ ನಿಲ್ಲಿಸಿ ಬಂದು ಬಾಗಿಲಲ್ಲಿ ನಿಂತ, ಟೋಪಿ ತೆಗೆದ. ಯಾರ ಮನೆಯವರು ಹೋದರು ಎಂದು ಮೆಲ್ಲಗೆ ಕೇಳಿದ. ನಾನು ಹಿರಿಯರ ಮಗ ಎಂದೆ.

ಆರು ಸೆಕೆಂಡು ಬೇಕಾಗಿತ್ತು. ಅದು ಹತ್ತೊಂಬತ್ತು ನಿಮಿಷ ನಡೆಯಿತು. ರಫೀಕ ಕೈಯಾಡಿಸಿದರೆ ಯಾರೂ ನಿಲ್ಲಿಸಲಿಲ್ಲ.

ಸತ್ತವರ ರಾಣಿಯ ಮಾತನ್ನೂ ಚನ್ನವ್ವನೇ ಆಡಿದಳು. ಆ ರಾಣಿ ಅರ್ಧ ಮೈ ಹೆಣ್ಣು, ಅರ್ಧ ಮೈ ಹೆಣ. ಚನ್ನವ್ವ ಅದಕ್ಕೆ ಒಂದಿಷ್ಟೂ ಬೆದರದೆ, ಆಳುಗಳಿಗೆ ಸಾಲು ಹಚ್ಚಿಕೊಡುವ ದನಿಯಲ್ಲಿ, “ಎಲ್ಲಾರೂ ಅತ್ತರ ಬಿಡತೇನಿ. ಒಬ್ಬರು ತಪ್ಪಿದರ ಇಲ್ಲೇ” ಎಂದಳು. ಸಾವು ಹೀಗೇ ಮಾತಾಡುತ್ತದೆ ಎಂದು ನನಗೆ ಖಾತ್ರಿಯಾಯಿತು.

ಉಳಿದದ್ದು ಒಂದೇ ಮಾತು, ಏಳು ಸೆಕೆಂಡು. ಗವಿಯ ಮುದುಕಿಯದು. ನಾನು ಬರೆದದ್ದು: “ನನ್ನ ಕಣ್ಣಾಗ ಅವಗ ನೀರಿಲ್ಲ. ಹ್ವಾದಾಂವ ಹ್ವಾದಲ್ಲೇ ಇರಲಿ.” ಚನ್ನವ್ವ ಅದನ್ನು ಕೇಳಿ ಚಹಾದ ಕಪ್ಪು ಕೆಳಗಿಟ್ಟಳು.

“ಇದನ್ನ ನಾ ಅನ್ನಂಗಿಲ್ರಿ.”

“ಯಾಕವ್ವಾ?”

“ನಾಳೆ ಯಾರದರ ಮನಿ ಮುಂದ ಕುಂತು ಅಳಬೇಕಂದ್ರ ಯಾ ಬಾಯ್ಲೆ ಅಳಲಿ? ಇದ ಬಾಯ್ಲೇನ?”

“ಚನ್ನವ್ವಾ, ಇದು ಆಟ. ಖರೇ ಅಲ್ಲ.”

“ಹಂಗಾರ ಈಗ ಅತ್ತದ್ದು?”

ನಾನು ಕಾಗದ ಹಿಡಿದು ಆಕೆಯ ಬಾಜು ಕೂತವರ ಕಡೆ ತಿರುಗಿದೆ. ಉಳಿದ ಐವರೂ ತಲೆಯಲ್ಲಾಡಿಸಿದರು. ಮರುದಿನ ರಫೀಕನ ಹೆಂಡತಿ ಕಿವಿ ಮುಚ್ಚಿಕೊಂಡಳು. ಅವರಲ್ಲೂ ಮಯ್ಯತ್ತಿನ, ಅಂದರೆ ಸಾವಿನ, ಮನೆಯಲ್ಲಿ ಅಂಥ ಮಾತು ಯಾರೂ ಆಡುವುದಿಲ್ಲವಂತೆ. ನಮ್ಮ ಮನೆಯವರು “ಇಷ್ಟ್ ವರ್ಷ ನಿಮ್ಮ ಮಾತ ಕೇಳೇನಿ, ಇದೊಂದ ಬಿಡ್ರಿ” ಎಂದರು. ಅವರು ಕೇಳಿದ ಮಾತು ಯಾವುದು ಎಂದು ನೆನಪಿಸಿಕೊಳ್ಳುತ್ತ ಶನಿವಾರ ನಾನೇ ದನಿ ಸಣ್ಣ ಮಾಡಿ ಆಡಿ ನೋಡಿದೆ. ರಫೀಕ ಬಹಳ ಮರ್ಯಾದೆಯಿಂದ ಹೇಳಿದ, “ಸರ, ಈ ಸೀನಿನ್ಯಾಗ ಆಡಿನ ಪಾತ್ರ ಇಲ್ರಿ.” ಆಮೇಲೆ ಮೈಕಿಗೆ ಬಟ್ಟೆ ಮುಚ್ಚಿ, ಗೋಡೆಯ ಗಾದಿಗಳನ್ನು ಒಂದೊಂದಾಗಿ ನೋಡುತ್ತ ಕೂತ. ಹನ್ನೆರಡು ವರ್ಷದ ಕೆಲಸ ಏಳು ಸೆಕೆಂಡಿಗೆ ಸಿಕ್ಕಿಕೊಂಡು ನಿಂತಿತ್ತು.

ರವಿವಾರ ಮುಂಜಾನೆಯ ಬಸ್ಸಿಗೆ, ಅಂದು ಹೊಸ್ತಿಲ ಹೊರಗೆ ಉಳಿದಿದ್ದ ಹೆಂಗಸು ಒಬ್ಬಳೇ ಬಂದಳು. ಗಂಗವ್ವ ಎಂದು ಹೆಸರು; ಐವತ್ತೈದು ಆಗಿರಬಹುದು. ಆಕೆಯ ಸುದ್ದಿಯನ್ನು ಚನ್ನವ್ವ ಅಂದೇ ಟೆಂಪೊ ಹತ್ತುವಾಗ ನನ್ನ ಕಿವಿಗೆ ಹಾಕಿದ್ದಳು: ಗಂಡ ಸತ್ತಾಗ ಅಳದ ಹೆಂಗಸು ಅದು, ಹೆಣ ಮನೆಯಲ್ಲಿದ್ದಾಗ ಎಮ್ಮೆಗೆ ಮೇವು ಹಾಕಿದಾಕೆ, ಅಂದಿನಿಂದ ಸತ್ತ ಮನೆಗೆ ಆಕೆಯನ್ನು ಯಾರೂ ಕರೆಯುವುದಿಲ್ಲ.

“ಯಾರೂ ಅನ್ನವಲ್ರಂತಲ್ರಿ ಆ ಮಾತು” ಎಂದಳು ಗಂಗವ್ವ. “ನಾ ಅಂತೇನಿ. ಮೊದಲ ಎಲ್ಲಾ ತೋರಸ್ರಿ.”

ಮೊದಲಿನಿಂದ ತೋರಿಸಿದೆವು. ಹಡಗಿಗೆ ಬೆಂಕಿಯಿಟ್ಟು ಹೆಣವನ್ನು ಸಮುದ್ರಕ್ಕೆ ಬಿಡುವುದನ್ನು ಕಣ್ಣು ಮಿಟುಕಿಸದೆ ನೋಡಿದಳು. ಗವಿ ಬಂದಾಗ ಕೈಯೆತ್ತಿದಳು, ರಫೀಕ ಚಿತ್ರ ನಿಲ್ಲಿಸಿದ.

“ಈ ಮುದಕಿ ಇಲ್ಲೆ ಒಬ್ಬಾಕೀನ ಇರತಾಳೇನ್ರಿ?”

“ಹೌದವ್ವಾ.”

“ಇಷ್ಟ್ ದಿನ ಯಾರರ ಬಂದು ಮಾತಾಡಿಸಿದ್ರೇನ್ರಿ? ಏನ್, ಅಳಾಕ ಅಷ್ಟ ಕರಿಯಾಕ ಬಂದಾರ?”

ಕಥೆಯಲ್ಲಿ ಅದಿಲ್ಲ ಎಂದೆ. ಅಷ್ಟಕ್ಕೇ ಬಿಡದೆ, ಮಾಸ್ತರಿಕೆಯ ಚಟಕ್ಕೆ, ಅದು ನಿಜವಾದ ಮುದುಕಿಯಲ್ಲ, ಆ ಕಪಟಿ ದೇವರೇ ವೇಷ ಹಾಕಿಕೊಂಡು ಬಂದದ್ದೆಂದು ಹೇಳುತ್ತಾರೆ ಎಂದೂ ಸೇರಿಸಿದೆ.

“ಅಂತಾರ ಬಿಡ್ರಿ” ಎಂದಳು ಗಂಗವ್ವ. “ಅಳದಾಕೀನ್ನ ಕಂಡ್ರ ಏನರ ಒಂದ ಅಂತಾರ.”

ಆಮೇಲೆ, ಯಾರೂ ಕೇಳದಿದ್ದರೂ, ತೆರೆಯ ಕಡೆಗೇ ನೋಡುತ್ತ ಹೇಳಿದಳು. “ನಮ್ಮನಿಯಾಂವ ಛಲೋ ಮನಷ್ಯಾ ಇದ್ದರಿ. ಒಂದಿನ ಕೈ ಎತ್ತಿದಾಂವಲ್ಲ. ಅವತ್ತ ಅಳು ಬರಲಿಲ್ಲ, ಅಷ್ಟ. ಎಮ್ಮಿ ಒದರಾಕತ್ತಿತ್ತು, ಎದ್ದು ಮೇವ ಹಾಕಿದೆ. ಬಂದಿದ್ರ ಅಳತಿದ್ದಿಲ್ಲೇನ್ರಿ?”

ನಾನು ಬರೆದ ಕಾಗದವನ್ನು ಓದಿ ಹೇಳಿದೆ. ಕೇಳಿದಳು. ಗಿರಣಿ ರವಿವಾರ ಬಂದ್. ಓಣಿಯಲ್ಲಿ ಸದ್ದಿರಲಿಲ್ಲ. ಕಂಪನಿಯ ಸೂಚನೆಯಲ್ಲಿ ಈ ಮಾತಿಗೆ ‘ಕ್ರೂರ, ಅಣಕದ ನಗೆ’ ಎಂದಿತ್ತು. ಅದನ್ನು ಹೇಳಬೇಕೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ರಫೀಕ ಗುಂಡಿ ಒತ್ತಿಬಿಟ್ಟಿದ್ದ. ಮುದುಕಿಯ ತುಟಿ ಅಲುಗಿತು. ಗಂಗವ್ವ ಹೇಳಿದಳು:

“ಬರದ ಅಳು ಎಲ್ಲಿಂದ ತರಲಿ? ಹ್ವಾದಾಂವ ಹ್ವಾದಲ್ಲೇ ಇರಲಿ.”

ಸಿಟ್ಟಿಲ್ಲ, ಅಣಕವಿಲ್ಲ. ಕೊಡದಲ್ಲಿ ನೀರಿಲ್ಲ ಎಂದು ಮನೆಗೆ ಬಂದವರಿಗೆ ಹೇಳುವ ದನಿ. ತುಟಿಗೆ ತುಟಿ ಕೂಡಿತು, ಕೂದಲೆಳೆ ಹೆಚ್ಚಿಲ್ಲ ಕಡಿಮೆಯಿಲ್ಲ. ತೆರೆಯ ಮೇಲೆ ದೂತ ತಲೆ ತಗ್ಗಿಸಿ ಹಿಮದಲ್ಲಿ ಹಿಂದಿರುಗಿದ. ಕಣ್ಣು ಕೊಟ್ಟ ಆ ಹಿರಿಯ ಬಾವಿಯ ತಳದಲ್ಲಿ ಕಂಡದ್ದು ಇದನ್ನೇ ಇರಬೇಕು ಎನಿಸಿತು: ಲೋಕವೆಲ್ಲ ಅತ್ತರೂ ಮಗ ಬಾರದ್ದು, ಅದಕ್ಕೆ ಯಾರ ತಪ್ಪೂ ಇಲ್ಲದ್ದು. ರಫೀಕ ಗುಂಡಿ ಬಿಡುವುದನ್ನು ಮರೆತಿದ್ದ. ಆ ರೆಕಾರ್ಡಿನಲ್ಲಿ ಮಾತಿನ ನಂತರ ಮೂವರು ಸುಮ್ಮನೆ ಉಸಿರಾಡುವ ಸದ್ದು ಬಹಳ ಹೊತ್ತು ಇದೆ.

“ಆತಲ್ರಿ?” ಎಂದಳು ಗಂಗವ್ವ. “ಹನ್ನೊಂದರ ಬಸ್ ಐತಿ.”

ಬಸ್ಸಿಗೆ ಬಿಡಲಿಲ್ಲ. ಕೋಣೆ ತೆರೆದ ದಿನದಿಂದಲೂ ಹಾಡಿದವರಿಗೆ ಕೇಳಿಸದೆ ಏನನ್ನೂ ಹೊರಗೆ ಕಳಿಸುವುದಿಲ್ಲ ಎಂಬುದು ರಫೀಕನ ಪದ್ಧತಿ. ಮಧ್ಯಾಹ್ನ ಚನ್ನವ್ವನ ಗುಂಪೂ ಬಂತು. ನಾಲ್ಕು ನಿಮಿಷ ಎಲ್ಲರೂ ನೋಡಿದರು. ಮುದುಕಿಯ ಮಾತಿಗೆ ಚನ್ನವ್ವ ಗದ್ದಕ್ಕೆ ಕೈಯಿಟ್ಟುಕೊಂಡಳು. ಮುಗಿದ ಮೇಲೂ ಕೈ ತೆಗೆಯಲಿಲ್ಲ.

“ಗಂಗೀ, ಖರೇನ ಬಂದಿದ್ದಿಲ್ಲೇನಬೇ ನಿನಗ ಅಳು?”

“ಇಲ್ಲಬೇ.”

“ಮತ್ತ ಇಷ್ಟ್ ವರ್ಷ ಯಾಕ ಹೇಳಿದ್ದಿಲ್ಲ?”

“ಯಾರ ಕೇಳಿದ್ರಿ?”

ಚನ್ನವ್ವ ಎದ್ದು ಸೀರೆ ಝಾಡಿಸಿ, “ನಡೀ, ಟೆಂಪೊದಾಗ ಮುಂದ ಕುಂದ್ರು, ಹಿಂದ ಧೂಳ ಭಾಳ” ಎಂದಳು. ಸಂಜೆ ಐದಕ್ಕೆ ರಫೀಕ ಮಾದರಿಯನ್ನು ಕಳಿಸಿದ.

ಮೂರು ವಾರಕ್ಕೆ ಉತ್ತರ ಬಂತು. ಅಳು ನೋಡುವವರಿಗೆ ತಡೆದುಕೊಳ್ಳಲಾಗದಷ್ಟು ನಿಜವಾಗಿದೆ, ಮಾತು ಬೇರೆ ಜಿಲ್ಲೆಯವರಿಗೆ ತಿಳಿಯುವುದು ಕಷ್ಟ ಎಂದು ಬರೆದಿದ್ದರು. ಎಂಟೂ ಕಂತುಗಳ ಕನ್ನಡ ಮುಂಬೈಯಲ್ಲೇ ಆಯಿತು. ಯುಗಾದಿಯ ಮರುವಾರ ರಫೀಕ ಗೋಡೆಯ ಗಾದಿ ಬಿಚ್ಚಿದ. ಈಗ ಅಲ್ಲಿ ಅವನ ಅಣ್ಣ ಮೊಬೈಲ್ ಮಾರುತ್ತಾನೆ, ರಫೀಕ ಹುಬ್ಬಳ್ಳಿಯ ಒಂದು ಸ್ಟುಡಿಯೋಕ್ಕೆ ದಿನಾ ರೈಲಿನಲ್ಲಿ ಹೋಗಿಬರುತ್ತಾನೆ. ಗವಿಯ ಮುದುಕಿಗೆ ಮುಂಬೈಯಲ್ಲಿ ನಾಲ್ವರ ದನಿ ಹಾಕಿ ನೋಡಿ, ಯಾವುದೂ ಕೂಡದೆ, ಕೊನೆಗೆ ಒಂದು ಕಾಗದ ಕಳಿಸಿ ಗಂಗವ್ವನ ಸಹಿ ಹಾಕಿಸಿಕೊಂಡರು. ಆರನೆಯ ಕಂತಿನ ಆ ಏಳು ಸೆಕೆಂಡು ಆಕೆಯ ದನಿಯಲ್ಲಿದೆ.